ಹಳಿಯ ಮೇಲಿನ ಸಂಸಾರ

ಪತ್ರಿಕೆಯಲ್ಲಿ ಬರುವ ಪ್ರವಾಸದ ಜಾಹೀರಾತನ್ನು ನಾನು ತಪ್ಪದೆ ಓದುತ್ತೇನೆ. ಕಾಶಿ, ಪ್ರಯಾಗ, ಗಯಾ. ನುರಿತ ಅಡುಗೆಯವರಿಂದ ಶುಚಿಯಾದ ಊಟ. ಕೆಲವೇ ಸೀಟುಗಳು ಬಾಕಿ. ಓದಿ ಮುಗಿಸುವ ಹೊತ್ತಿಗೆ ಹೋಗದೆ ಇರಲು ಬೇಕಾದ ಕಾರಣಗಳೆಲ್ಲ ಒಂದೊಂದಾಗಿ ಬಂದು ಸಾಲಾಗಿ ನಿಂತಿರುತ್ತವೆ. ಮಂಡಿನೋವಿದೆ. ಹಾಲಿನವನಿಗೆ ಹೇಳಬೇಕು. ಕುಂಡದಲ್ಲಿ ಮೆಂತ್ಯ ಈಗಷ್ಟೇ ಮೊಳೆತಿದೆ, ನೀರು ಹಾಕುವವರು ಯಾರು? ಅಷ್ಟರಲ್ಲಿ ಕಾಫಿ ಬರುತ್ತದೆ. ಹಾಳೆ ಮಗುಚಿ ನಿಧನವಾರ್ತೆಯ ಪುಟಕ್ಕೆ ಹೋಗುತ್ತೇನೆ. ಅಲ್ಲಿಗೆ ಆ ಪ್ರವಾಸ ಮುಗಿದ ಹಾಗೆ.

‘ದಿ ರೈಲ್‌ರಾಡರ್’ ಎಂಬ ಪುಟ್ಟ ಚಿತ್ರದ ನಾಯಕ ಇಂಥ ಲೆಕ್ಕಾಚಾರದವನಲ್ಲ. ಲಂಡನ್ನಿನಲ್ಲಿ ಕೋಟು ಹಾಕಿ, ಚಪ್ಪಟೆ ಟೋಪಿ ಇಟ್ಟುಕೊಂಡು ಪತ್ರಿಕೆ ಓದುತ್ತಿರುತ್ತಾನೆ. ‘ಈಗಲೇ ಕೆನಡಾ ನೋಡಿ’ ಎಂದು ಪುಟದ ತುಂಬ ಜಾಹೀರಾತು. ಈಗಲೇ ಎಂದಿದ್ದಾರಲ್ಲ! ಪತ್ರಿಕೆ ಬಿಸಾಡಿ, ಸೇತುವೆಯ ಮೇಲಿಂದ ಸೀದಾ ಥೇಮ್ಸ್ ನದಿಗೆ ಹಾರಿಬಿಡುತ್ತಾನೆ. ಮರುಗಳಿಗೆ ಕೆನಡಾದ ಪೂರ್ವ ತೀರದಲ್ಲಿ ಅಟ್ಲಾಂಟಿಕ್ ಸಾಗರದೊಳಗಿಂದ ಎದ್ದು ಬರುತ್ತಾನೆ. ಟಿಕೆಟ್ಟಿಲ್ಲ, ವೀಸಾ ಇಲ್ಲ, ಕಾನ್ಸುಲೇಟಿನ ಮುಂದೆ ಬೆಳಗಿನ ಜಾವದ ಕ್ಯೂ ಇಲ್ಲ. ದಡದಲ್ಲೊಂದು ಕೈಮರ: ಪೆಸಿಫಿಕ್ ಸಾಗರಕ್ಕೆ 3,982½ ಮೈಲಿ.

ಆ ಅರ್ಧ ಮೈಲಿಯನ್ನು ಗಮನಿಸಬೇಕು. ಸುಮಾರು ನಾಲ್ಕು ಸಾವಿರ ಎಂದು ಬರೆದಿದ್ದರೆ ಯಾರೂ ನಗುತ್ತಿರಲಿಲ್ಲ. ಅಷ್ಟು ದೂರ ಹೊರಟವನಿಗೆ ಕೊನೆಯಲ್ಲಿ ಅರ್ಧ ಮೈಲಿಯ ಮೋಸ ಆಗಬಾರದು ಎಂದು ಯಾರೋ ಸರ್ಕಾರಿ ನೌಕರ ಸರಪಳಿ ಹಿಡಿದು ಅಳೆದಿದ್ದಾನೆ. ನಗು ಬರುವುದು ಆ ಪ್ರಾಮಾಣಿಕತೆಗೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 6,400 ಕಿಲೋಮೀಟರ್. ದಿಬ್ರೂಗಢದಿಂದ ಕನ್ಯಾಕುಮಾರಿಗೆ ಬರುವ, ನಮ್ಮ ದೇಶದ ಅತಿ ದೂರದ ರೈಲಿನ ಓಟವೇ ನಾಲ್ಕು ಸಾವಿರದ ಚಿಲ್ಲರೆ ಕಿಲೋಮೀಟರ್. ಈತ ಕೈಮರ ಓದುತ್ತಾನೆ, ನಡೆಯಲು ಶುರು ಮಾಡುತ್ತಾನೆ. ಅಯ್ಯೋ ಎನ್ನುವುದಿಲ್ಲ, ಹಣೆ ಚಚ್ಚಿಕೊಳ್ಳುವುದಿಲ್ಲ.

ಈತ ಅಂದರೆ ಬಸ್ಟರ್ ಕೀಟನ್. ಚಾಪ್ಲಿನ್ನನ ಕಾಲದವನೇ. ಚಾಪ್ಲಿನ್ ನಗಿಸುತ್ತ ಅಳಿಸಿದ. ಈತ ನಗಿಸುತ್ತ ತಾನು ಮಾತ್ರ ನಗಲಿಲ್ಲ. ‘ಕಲ್ಲು ಮುಖದವನು’ ಎಂದೇ ಹೆಸರಾಗಿದ್ದ. 1964ರ ಶರತ್ಕಾಲದಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ಈ ಚಿತ್ರದಲ್ಲಿ ಅಭಿನಯಿಸಿದಾಗ ಕೀಟನ್ನನಿಗೆ 69ರ ವಯಸ್ಸು. ನಿರ್ದೇಶಕ ಜೆರಾಲ್ಡ್ ಪಾಟರ್ಟನ್ ಅವನಿಗಿಂತ ಬಹಳ ಕಿರಿಯ. ಚಿತ್ರ ಬಣ್ಣದ್ದು, ಬಿಡುಗಡೆಯಾದದ್ದು 1965ರಲ್ಲಿ. ಸಿನಿಮಾ ಮಾತು ಕಲಿತು ಆಗಲೇ ನಾಲ್ಕು ದಶಕ ಸಮೀಪಿಸಿತ್ತು. ಈ ಚಿತ್ರದಲ್ಲಿ ಮಾತ್ರ ಯಾರೂ ಒಂದು ಮಾತೂ ಆಡುವುದಿಲ್ಲ.

ನಡೆಯುತ್ತ ನಡೆಯುತ್ತ ಕೀಟನ್ ರೈಲು ಹಳಿಗೆ ಬರುತ್ತಾನೆ. ಅಲ್ಲಿ ಒಬ್ಬನೇ ಕೂರುವಷ್ಟು ಅಗಲದ, ಮೇಲೆ ಚಾವಣಿಯಿಲ್ಲದ ಪುಟ್ಟ ಮೋಟಾರು ಟ್ರಾಲಿಯೊಂದು ನಿಂತಿದೆ, ಹಳಿ ರಿಪೇರಿಯವರದು. ಸುಸ್ತಾಗಿದೆ, ಒಂದು ಗಳಿಗೆ ಕಣ್ಣು ಮುಚ್ಚೋಣವೆಂದು ಕೂರುತ್ತಾನೆ. ಕೈ ಯಾವುದೋ ಗೇರಿಗೆ ತಗುಲುತ್ತದೆ. ಗಾಡಿ ಹೊರಟಿತು. ಇನ್ನು ಅದು ನಿಲ್ಲುವುದು ಇನ್ನೊಂದು ಸಾಗರದ ದಡದಲ್ಲಿ.

ಈ ಚಿತ್ರವನ್ನು ನಾನು ನಮ್ಮ ಸೋದರಮಾವನ ಜೊತೆ ಕೂತು ನೋಡಿದೆ. ಅವರು ರೈಲ್ವೆಯಲ್ಲಿ ಹಳಿ ವಿಭಾಗದ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ತಮಾಷೆಯ ಚಿತ್ರ, ಹಳಿಯ ಮೇಲಿನದು, ಮಾವನಿಗೆ ಖುಷಿಯಾಗಲಿ ಅಂತ ತೋರಿಸಿದ್ದು. ಟ್ರಾಲಿ ಹೊರಟಿದ್ದೇ ತಡ, ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಇವನಿಗೆ ಪರ್ಮಿಟ್ ಕೊಟ್ಟವರು ಯಾರು?”

“ಮಾವ, ಇದು ಸಿನಿಮಾ.”

“ಸಿನಿಮಾ ಆದರೇನೋ? ಹಳಿ ಹಳಿಯೇ ತಾನೆ? ಲೈನ್ ಕ್ಲಿಯರ್ ಇಲ್ಲ, ಏನಿಲ್ಲ. ಕೆಂಪು ಬಾವುಟ ಎಲ್ಲಿ? ಎದುರುಗಡೆಯಿಂದ ಗೂಡ್ಸ್ ಬಂದರೆ ಟ್ರಾಲಿ ಎತ್ತಿಡೋಕೆ ಜನ ಎಲ್ಲಿ?”

ಮಾವನ ಕಾಳಜಿ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆಯ ತಳ್ಳುಟ್ರಾಲಿಯನ್ನು ನೀವೂ ಕಂಡಿರುತ್ತೀರಿ. ನಾಲ್ಕು ಚಕ್ರ, ಒಂದು ಬೆಂಚು, ಬೆಂಚಿನ ಮೇಲೆ ಸಾಹೇಬರು, ಸಾಹೇಬರ ಮೇಲೆ ಕೊಡೆ. ಟ್ರಾಲಿಮನ್ನುಗಳು ಹಳಿಯ ಉಕ್ಕಿನ ಮೇಲೆಯೇ ಹೆಜ್ಜೆಯಿಡುತ್ತ ಓಡಿ ತಳ್ಳುತ್ತಾರೆ. ವೇಗ ಬಂದ ಮೇಲೆ ಹಾರಿ ಹಿಂದೆ ಕೂರುತ್ತಾರೆ. ವೇಗ ಇಳಿದರೆ ಮತ್ತೆ ಇಳಿದು ಓಟ. ರೈಲಿನ ಸುಳಿವು ಸಿಕ್ಕರೆ ಎಲ್ಲರೂ ಸೇರಿ ಟ್ರಾಲಿಯನ್ನು ಹಳಿಯಿಂದ ಎತ್ತಿ ಪಕ್ಕಕ್ಕಿಡಬೇಕು. ಸಾಹೇಬರ ಕಣ್ಣು ಮಾತ್ರ ಹಳಿಯ ಮೇಲೆ: ಎಲ್ಲಿ ಬೋಲ್ಟ್ ಸಡಿಲ, ಎಲ್ಲಿ ಜಲ್ಲಿ ಕುಸಿದಿದೆ, ಎಲ್ಲಿ ತಿರುವು ಕೆಟ್ಟಿದೆ. ಇಂಥ ಬೆಂಚಿನ ಮೇಲೆ ಅರ್ಧ ಆಯುಷ್ಯ ಕಳೆದವರ ಮುಂದೆ, ಯಾರೋ ಒಬ್ಬ ತೂಕಡಿಸುತ್ತ ಗಾಡಿ ಬಿಟ್ಟುಕೊಂಡು ಹೋದರೆ ನಗು ಎಲ್ಲಿಂದ ಬರಬೇಕು? ಕೀಟನ್ನನ ಟ್ರಾಲಿ ಎದುರು ಬರುವ ರೈಲಿಗೆ ಇನ್ನೇನು ಡಿಕ್ಕಿ ಹೊಡೆಯುತ್ತದೆ ಎನ್ನುವಾಗ ಹೇಗೋ ಪಾರಾಗುತ್ತದೆ. ಹೀಗೆ ಆಗುವುದು ಒಂದು ಸಲವಲ್ಲ. ಪ್ರತಿ ಸಲವೂ ಮಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪರದೆಯ ಮೇಲೊಂದು ಕಲ್ಲು ಮುಖ, ಪಕ್ಕದ ಕುರ್ಚಿಯಲ್ಲೊಂದು ಕಲ್ಲು ಮುಖ. ನಡುವೆ ಕೂತ ನನಗೆ ನಗು ತಡೆಯುವುದೇ ಕಷ್ಟವಾಯಿತು.

ಇನ್ನು ಆ ಪೆಟ್ಟಿಗೆಯ ವಿಷಯಕ್ಕೆ ಬರಬೇಕು. ಟ್ರಾಲಿಯಲ್ಲೊಂದು ಸಾಮಾನಿನ ಪೆಟ್ಟಿಗೆಯಿದೆ. ಸ್ಪ್ಯಾನರು, ಸುತ್ತಿಗೆ ಇರಬೇಕಾದ ಜಾಗ. ಕೀಟನ್ ಮುಚ್ಚಳ ಎತ್ತಿ ಕೈ ಹಾಕುತ್ತಾನೆ. ದಿಂಬು ಬರುತ್ತದೆ. ಚಳಿಯಾದರೆ ಕಾಡೆಮ್ಮೆಯ ತುಪ್ಪಳದ ಭಾರಿ ಕೋಟು ಬರುತ್ತದೆ. ಹೊತ್ತಿಗೆ ಸರಿಯಾಗಿ ಕಪ್ಪು, ಸಾಸರು, ಕೆಟಲು ಸಮೇತ ಟೀ ಸಲಕರಣೆ ಬರುತ್ತದೆ. ತಿಂಡಿಗೆ ಬೇಕಾದ್ದು ಬರುತ್ತದೆ, ಬೇಟೆಗೆ ಬಂದೂಕೂ ಬರುತ್ತದೆ. ದ್ರೌಪದಿಯ ಅಕ್ಷಯಪಾತ್ರೆಗಾದರೂ ಅವಳು ಉಂಡ ಮೇಲೆ ಆ ದಿನಕ್ಕೆ ಖಾಲಿ ಎಂಬ ನಿಯಮವಿತ್ತು. ಈ ಪೆಟ್ಟಿಗೆಗೆ ಅದೂ ಇಲ್ಲ.

“ಏನೂಂದ್ರೆ, ಆ ಪೆಟ್ಟಿಗೆ ಎಲ್ಲಿ ಸಿಗುತ್ತೆ ಅಂತ ಕೇಳಿ,” ಎಂದಳು ನಮ್ಮ ಮನೆಯಾಕೆ, ಹುರುಳಿಕಾಯಿಯ ನಾರು ತೆಗೆಯುತ್ತ. “ಮೂರು ಜನ ಧರ್ಮಸ್ಥಳಕ್ಕೆ ಹೋಗಿಬರೋಕೆ ನಮಗೆ ಐದು ಬ್ಯಾಗು. ಆದರೂ ಹಲ್ಲುಜ್ಜೋ ಬ್ರಷ್ಷು ಮನೇಲೇ ಇರುತ್ತೆ.”

ಅವಳ ಮಾತಿನಲ್ಲಿ ಚಿತ್ರದ ಗುಟ್ಟೂ ಇದೆ. ಕೀಟನ್ ಒಂದು ಖಂಡವನ್ನು ದಾಟುತ್ತಿದ್ದಾನೆ. ಪೂರ್ವದ ಕಾಡು, ಊರು, ಪಟ್ಟಣ, ಕೊನೆ ಕಾಣದ ಗೋಧಿಯ ಬಯಲು, ರಾಕಿ ಪರ್ವತಗಳು. ಜನ ಸಾಲ ಮಾಡಿ ನೋಡಲು ಹೋಗುವ ಸೊಬಗೆಲ್ಲ ಎಡಬಲದಲ್ಲಿ ಹಿಂದಕ್ಕೆ ಓಡುತ್ತಿದೆ. ಆತ ಏನು ಮಾಡುತ್ತಿದ್ದಾನೆ? ಬಟ್ಟೆ ಒಗೆದು ಹರವುತ್ತಿದ್ದಾನೆ. ತಿಂಡಿ ಮಾಡಿಕೊಳ್ಳುತ್ತಿದ್ದಾನೆ. ಟ್ರಾಲಿಗೆಲ್ಲ ಸೊಪ್ಪುಸದೆ ಹೊದಿಸಿಕೊಂಡು, ಪೊದೆಯೊಂದು ತಾನಾಗಿ ಹಳಿಯ ಮೇಲೆ ಹೋಗುತ್ತಿದೆಯೇನೋ ಎಂಬಂತೆ ಅವಿತು, ಕಾಡುಬಾತುಗಳಿಗೆ ಹೊಂಚು ಹಾಕುತ್ತಿದ್ದಾನೆ. ಕೆನಡಾ ನೋಡಿ ಎಂಬ ಜಾಹೀರಾತಿಗೆ ಮರುಳಾಗಿ ನದಿಗೆ ಹಾರಿದವನು, ಕೆನಡಾ ಬಂದ ಮೇಲೆ ಸಂಸಾರ ಹೂಡಿದ್ದಾನೆ.

ಇದರಲ್ಲಿ ನಾನು ಕಂಡದ್ದು ನಮ್ಮ ಸ್ಲೀಪರ್ ಬೋಗಿಯನ್ನು. ರೈಲು ಬೆಂಗಳೂರು ಬಿಟ್ಟು ಕೆಂಗೇರಿ ದಾಟುವ ಮೊದಲೇ ನಮ್ಮವರ ಬುತ್ತಿ ಬಿಚ್ಚಿರುತ್ತದೆ. ಹಸಿವಾಗಿ ಅಲ್ಲ, ಬಿಚ್ಚಬೇಕು, ಅದಕ್ಕೆ. ಚಪಾತಿ, ಬೆಂಡೆಕಾಯಿ ಪಲ್ಯ, ಬಾಳೆಎಲೆಯಲ್ಲಿ ಕಟ್ಟಿದ ಪುಳಿಯೋಗರೆ, ಸ್ಟೀಲು ಡಬ್ಬಿಯ ಮೊಸರನ್ನ, ಮೇಲೆ ಮಿಡಿ ಉಪ್ಪಿನಕಾಯಿ. ಹಿಂದೆಯೇ ಸೂಟ್‌ಕೇಸಿಗೆ ಸರಪಳಿ ಬಿಗಿದು ಬೀಗ. ಗಾಳಿ ತುಂಬಿದ ದಿಂಬು. ಗೂಟಕ್ಕೆ ಚೀಲ, ಚೀಲದ ಮೇಲೆ ಟವೆಲು. ಚಪ್ಪಲಿಯನ್ನು ಕಾಲಿನಿಂದಲೇ ಸೀಟಿನ ಒಳಗೆ, ಬೇರೆಯವರಿಗೆ ಸಿಗದಷ್ಟು, ತಮಗೂ ಸಿಗದಷ್ಟು ದೂರಕ್ಕೆ ತಳ್ಳುವುದು. ಅರ್ಧ ಗಂಟೆಯೊಳಗೆ ಸರ್ಕಾರದ ಒಂದು ಹಲಗೆ ಸ್ವಂತ ಮನೆಯಾಗಿಬಿಡುತ್ತದೆ. “ಸ್ವಲ್ಪ ಜರುಗಿ” ಎಂದು ಯಾರಾದರೂ ಬಂದರೆ, ಹಿತ್ತಲಿಗೆ ಬೇಲಿ ಹಾರಿ ಬಂದವರನ್ನು ನೋಡುವ ಕಣ್ಣಿನಲ್ಲೇ ನೋಡುತ್ತೇವೆ. ವಿಮಾನದಲ್ಲಿ ಇದಾವುದೂ ಸಾಧ್ಯವಿಲ್ಲ. ಅಲ್ಲಿ ನಮ್ಮನ್ನೇ ಸಾಮಾನಿನಂತೆ ಪಟ್ಟಿ ಬಿಗಿದು ಕೂರಿಸಿರುತ್ತಾರೆ. ಬಸ್ಸಿನಲ್ಲಿ ಮೊಸರನ್ನ ತಿನ್ನುವುದು ಸಾಹಸ. ನಡೆಯುತ್ತಲೇ ನೆಲೆಸುವ ಅವಕಾಶವಿರುವುದು ರೈಲಿನಲ್ಲಿ ಮಾತ್ರ. ಅದನ್ನು ಕೀಟನ್ ಇಪ್ಪತ್ತನಾಲ್ಕು ನಿಮಿಷದಲ್ಲಿ, ಒಂದು ಮಾತೂ ಆಡದೆ, ಸಾಧಿಸಿ ತೋರಿಸುತ್ತಾನೆ.

ರೈಲಿಗೂ ಆತನಿಗೂ ಹಳೆಯ ನಂಟು. ತಂದೆತಾಯಿ ಊರೂರು ತಿರುಗುತ್ತಿದ್ದ ರಂಗ ಕಲಾವಿದರು. ಅವರು ಹಾಗೆ ತಿರುಗುತ್ತಿದ್ದಾಗ, ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ 1895ರ ಅಕ್ಟೋಬರ್ 4ರಂದು ಹುಟ್ಟಿದ ಮಗು ಇವನು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಜನರಿಂದ ದುಡ್ಡು ಪಡೆದು ಸಿನಿಮಾ ತೋರಿಸಿದರು. ಸಿನಿಮಾ ಮತ್ತು ಕೀಟನ್ ಒಂದೇ ವಾರಗೆಯವರು. ಲೂಮಿಯೇರರ ಆರಂಭದ ಚಿತ್ರಗಳಲ್ಲಿ ಇಂದಿಗೂ ಜನ ನೆನೆಯುವುದು ನಿಲ್ದಾಣಕ್ಕೆ ರೈಲು ಬರುವ ಆ ಒಂದು ನಿಮಿಷಕ್ಕೂ ಕಡಿಮೆಯ ತುಣುಕನ್ನು. ಸಿನಿಮಾಕ್ಕೆ ರೈಲಿನ ಹುಚ್ಚು ಹುಟ್ಟಿನಿಂದಲೇ ಬಂದದ್ದು.

1920ರ ‘ಒನ್ ವೀಕ್’ ಎಂಬ ಕಿರುಚಿತ್ರದಲ್ಲಿ ಕೀಟನ್ ಹೊಸದಾಗಿ ಮದುವೆಯಾದವನು. ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಮನೆ ಉಡುಗೊರೆಯಾಗಿ ಬರುತ್ತದೆ; ಆಗದವನೊಬ್ಬ ಪೆಟ್ಟಿಗೆಗಳ ಮೇಲಿನ ಅಂಕಿ ತಿದ್ದಿಬಿಡುತ್ತಾನೆ. ಮನೆ ಸೊಟ್ಟಗೆ ಎದ್ದು ನಿಲ್ಲುತ್ತದೆ. ಸಾಲದ್ದಕ್ಕೆ ನಿವೇಶನವೇ ತಪ್ಪು. ಮನೆಯನ್ನು ಎಳೆದುಕೊಂಡು ಹೋಗುವಾಗ ಅದು ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ದೂರದಲ್ಲಿ ರೈಲು. ಗಂಡಹೆಂಡತಿ ಕಣ್ಣು ಮುಚ್ಚುತ್ತಾರೆ. ರೈಲು ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ಬಂದು ಮನೆಯನ್ನು ಪುಡಿಗುಟ್ಟುತ್ತದೆ. ಕೀಟನ್ ಅವಶೇಷದ ಮೇಲೆ ‘ಮಾರಾಟಕ್ಕಿದೆ’ ಎಂಬ ಹಲಗೆ ಸಿಕ್ಕಿಸಿ, ಜೋಡಿಸುವ ಕೈಪಿಡಿಯನ್ನೂ ಇಟ್ಟು, ಹೆಂಡತಿಯ ಕೈ ಹಿಡಿದು ಹೊರಡುತ್ತಾನೆ. ನಿವೇಶನದ ವ್ಯಾಜ್ಯದಲ್ಲಿ ಕೋರ್ಟು ಸುತ್ತುವವರೆಲ್ಲ ನೋಡಬೇಕಾದ ಚಿತ್ರ.

1924ರ ‘ಶರ್ಲಾಕ್ ಜೂನಿಯರ್’ನಲ್ಲಿ ರೈಲಿನ ಮೇಲೆ ಓಡುತ್ತ ನೀರಿನ ಟ್ಯಾಂಕಿನ ಕೊಳವೆಗೆ ಜೋತುಬಿದ್ದಾಗ, ನೀರಿನ ರಭಸಕ್ಕೆ ಹಳಿಯ ಮೇಲೆ ಬಿದ್ದ. ತಲೆ ನೋವು ಎಂದುಕೊಂಡು ಸುಮ್ಮನಾದ. ಕತ್ತಿನ ಮೂಳೆ ಮುರಿದಿತ್ತು ಎಂದು ಎಕ್ಸ್‌ರೇ ಹೇಳಿದ್ದು ವರ್ಷಗಳ ನಂತರ. ಆ ಏಟು ತಿನ್ನುವ ದೃಶ್ಯ ಚಿತ್ರದಲ್ಲೇ ಇದೆ. 1926ರ ‘ದಿ ಜನರಲ್’ನಲ್ಲಂತೂ ಇಡೀ ಕಥೆ ರೈಲಿನದು, ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ ನಿಜವಾಗಿ ನಡೆದ ಎಂಜಿನ್ ಅಪಹರಣ ಅದಕ್ಕೆ ಆಧಾರ. ಅದರಲ್ಲಿ ಉರಿಯುವ ಸೇತುವೆ ಕುಸಿದು ನದಿಗೆ ಬೀಳುವುದು ಗೊಂಬೆಯಲ್ಲ, ನಿಜವಾದ ಎಂಜಿನ್ನೇ. ಅದು ವರ್ಷಗಟ್ಟಲೆ ಅಲ್ಲೇ ಬಿದ್ದಿತ್ತು. ಮಾವನಿಗೆ ಇದನ್ನು ಹೇಳಿದಾಗ ಅವರ ಮುಖ ನೋಡುವಂತಿರಲಿಲ್ಲ. “ಎಂಜಿನ್ನು ಹೊಳೆಗೆ ಹಾಕಿದರಾ? ಬೇಕೂ ಅಂತ?” ಎಂದು ಕೇಳಿ ಎದ್ದುಹೋಗಿ ನೀರು ಕುಡಿದು ಬಂದರು.

ಆಮೇಲೆ ಮಾತಿನ ಚಿತ್ರ ಬಂತು. ದೊಡ್ಡ ಸ್ಟುಡಿಯೋಗೆ ಸೇರಿ ಕೀಟನ್ ತನ್ನ ಸ್ವಾತಂತ್ರ್ಯ ಕಳೆದುಕೊಂಡ, ಕುಡಿತಕ್ಕೆ ಬಿದ್ದ, ಮನೆ ಮುರಿಯಿತು. ಈ ಕಥೆಯನ್ನು ಉದ್ದ ಮಾಡಬೇಕಿಲ್ಲ. ಹೇಳಬೇಕಾದ್ದೆಂದರೆ, ಅವನು ಅಲ್ಲಿಂದ ಎದ್ದು ಬಂದ. ಟಿ.ವಿ.ಯಲ್ಲಿ ದುಡಿದ, ಹಳೆಯ ಚಿತ್ರಗಳು ಮತ್ತೆ ಜನರ ಕಣ್ಣಿಗೆ ಬಿದ್ದವು, ಮೂರನೆಯ ಹೆಂಡತಿ ಎಲಿನರ್ ಕೊನೆಯವರೆಗೂ ಜೊತೆಗಿದ್ದಳು.

ಟ್ರಾಲಿಯ ಚಿತ್ರ ತಯಾರಾಗುವಾಗ ಮಂಡಳಿಯವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಚಿತ್ರೀಕರಣವನ್ನೇ ಚಿತ್ರೀಕರಿಸಿದರು. ಜಾನ್ ಸ್ಪಾಟನ್ ನಿರ್ದೇಶಿಸಿದ ‘ಬಸ್ಟರ್ ಕೀಟನ್ ರೈಡ್ಸ್ ಎಗೇನ್’ ಸುಮಾರು ಒಂದು ಗಂಟೆಯ ಕಪ್ಪು-ಬಿಳುಪು ಸಾಕ್ಷ್ಯಚಿತ್ರ. ಟ್ರಾಲಿಯಲ್ಲಿ ತುಟಿ ಬಿಚ್ಚದ ಮುದುಕ ಇಲ್ಲಿ ಗೊಗ್ಗರು ದನಿಯಲ್ಲಿ ಧಾರಾಳವಾಗಿ ಮಾತಾಡುತ್ತಾನೆ, ಸಿಗರೇಟು ಸೇದಿ ಕೆಮ್ಮುತ್ತಾನೆ. ಮುಖ್ಯವಾದ ಜಗಳ ಒಂದು ಸೇತುವೆಯದು. ಕಣಿವೆಯ ಮೇಲಿನ ಎತ್ತರದ ಸೇತುವೆ ದಾಟುವಾಗ ದೊಡ್ಡದೊಂದು ಭೂಪಟ ಬಿಡಿಸಿ, ಅದು ಮೈಗೆಲ್ಲ ಸುತ್ತಿಕೊಂಡು, ಏನೂ ಕಾಣದಂತಾಗಬೇಕು ಎಂಬುದು ಕೀಟನ್ನನ ಹಟ. ಮುದುಕ ಬಿದ್ದುಗಿದ್ದಾನು ಎಂದು ನಿರ್ದೇಶಕನ ಭಯ. ಇದರಲ್ಲಿ ಅಪಾಯವೇನು ಬಂತು ಎಂದು ಕೀಟನ್ನನಿಗೆ ಸಿಟ್ಟು. ಕತ್ತು ಮುರಿದಾಗಲೇ ತಲೆನೋವು ಎಂದವನು ಅವನು. ಕೊನೆಗೆ ಅವನ ಮಾತೇ ನಡೆಯಿತು. ಚಿತ್ರದಲ್ಲಿ ನೋಡಿ: ಕೆಳಗೆ ಪಾತಾಳ, ಮೇಲೆ ಕಾಗದದೊಡನೆ ಕುಸ್ತಿಯಾಡುತ್ತಿರುವ ಮುದುಕ. ಭಯವಾಗುವುದು ನಮಗೆ. ಅವನ ಚಿಂತೆಯೆಲ್ಲ ಭೂಪಟವನ್ನು ಮೊದಲಿದ್ದಂತೆ ಮಡಿಸುವುದು ಹೇಗೆ ಎಂಬುದರ ಮೇಲೆ.

ಮಾತಿಲ್ಲದ ಚಿತ್ರವೆಂದರೆ ಸದ್ದಿಲ್ಲದ ಚಿತ್ರವಲ್ಲ. ಇಲ್ಲಿ ಮೋಟಾರಿನ ಟುಕುಟುಕು ಇದೆ, ಎಲ್ಡನ್ ರಾತ್‌ಬರ್ನ್ ಮಾಡಿದ ಸಂಗೀತವಿದೆ. ಇದು ನಮಗೆ ಹೊಸದೂ ಅಲ್ಲ. 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲೇ ‘ಪುಷ್ಪಕ ವಿಮಾನ’ ತೆಗೆದಾಗ, ಕಮಲಹಾಸನ್ ಎರಡು ಗಂಟೆ ಮಾತಾಡದೆ ನಮ್ಮನ್ನು ನಗಿಸಿದ್ದರು. ಥಿಯೇಟರಿನ ಗಲಾಟೆ ಇಲ್ಲದಿದ್ದರೆ ನಿದ್ದೆ ಬಾರದ ಆ ನಾಯಕ ಯಾರಿಗೆ ಮರೆತಾನು? ಮಾತು ತೆಗೆದ ಕೂಡಲೇ ಸಣ್ಣಪುಟ್ಟ ಕೆಲಸಗಳಿಗೆ ಬೆಲೆ ಬಂದುಬಿಡುತ್ತದೆ. ಒಬ್ಬ ಟೀ ಬಗ್ಗಿಸುವುದನ್ನು ನಾವು ಪೂರ್ತಿ ನೋಡುತ್ತೇವೆ.

ನಮ್ಮ ಮಾವ ನಕ್ಕರೇ ಎಂದು ಕೇಳುತ್ತೀರಿ. ನಗಲಿಲ್ಲ. ಆದರೆ ನಡುವೆ ಒಂದೆಡೆ, ಕೀಟನ್ ತಾನು ಕೂತ ಜಾಗವನ್ನು ಓರಣ ಮಾಡಿಕೊಂಡು ಮುಚ್ಚಳ ಮುಚ್ಚಿದಾಗ, ತಲೆದೂಗಿದರು. “ಟ್ರಾಲಿ ಚೊಕ್ಕಟವಾಗಿ ಇಟ್ಟುಕೊಂಡಿದ್ದಾನೆ ಕಣೋ. ಕೆಲಸ ಗೊತ್ತಿರೋನು,” ಎಂದರು. ಕೀಟನ್ನನ ಬಗ್ಗೆ ವಿಮರ್ಶಕರು ಬರೆದದ್ದನ್ನು ನಾನೂ ಒಂದಿಷ್ಟು ಓದಿದ್ದೇನೆ. ಇದಕ್ಕಿಂತ ಸರಿಯಾದ ಮಾತು ಸಿಕ್ಕಿಲ್ಲ. ತಮಾಷೆ ಮಾಡಲು ಹೊರಟವನು ಅಷ್ಟಕ್ಕಷ್ಟೆ. ಕೆಲಸವನ್ನು ಶ್ರದ್ಧೆಯಿಂದ ಮಾಡುವವನ ಸುತ್ತ ಲೋಕ ಓಡುತ್ತಿದ್ದರೆ ತಮಾಷೆ ತಾನಾಗಿ ಆಗುತ್ತದೆ.

ಕೊನೆಗೆ ಪೆಸಿಫಿಕ್ ಸಾಗರ ಬರುತ್ತದೆ. ಕೀಟನ್ ಇಳಿದು, ನೀರನ್ನು ನೋಡಿ, ಇನ್ನು ವಾಪಸು ಹೊರಡೋಣ ಎನ್ನುವಷ್ಟರಲ್ಲಿ ಸಾಗರದೊಳಗಿಂದ ಜಪಾನೀ ಗೃಹಸ್ಥನೊಬ್ಬ ಎದ್ದು ಬರುತ್ತಾನೆ. ಅವನೂ ಕೆನಡಾ ನೋಡಲು ಬಂದವನು! ಬಂದವನೇ ಟ್ರಾಲಿ ಹತ್ತಿ ಪೂರ್ವಕ್ಕೆ ಹೊರಟೇಬಿಡುತ್ತಾನೆ, ಪೆಟ್ಟಿಗೆ ಸಮೇತ. ಕೀಟನ್ ಕೂಗುವುದಿಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ. ಹಳಿ ಹಿಡಿದು ನಡೆಯತೊಡಗುತ್ತಾನೆ. ಯಾರದೋ ಟ್ರಾಲಿಯನ್ನು ತಾನು ತಂದದ್ದು, ಇನ್ಯಾರೋ ಒಯ್ದರು, ಲೆಕ್ಕ ಚುಕ್ತಾ. ಸೀಟು ಬಿಟ್ಟು ನೀರು ಹಿಡಿಯಲು ಇಳಿದು, ಬರುವಷ್ಟರಲ್ಲಿ ಇನ್ನೊಬ್ಬರು ಕೂತಿರುವುದನ್ನು ಕಂಡ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅವನಷ್ಟು ಸುಮ್ಮನಿರುವುದು ಮಾತ್ರ ನಮ್ಮಿಂದ ಆಗಿಲ್ಲ.

1966ರ ಫೆಬ್ರವರಿ 1ರಂದು ಕೀಟನ್ ತೀರಿಕೊಂಡ. ಕೆನಡಾದ ಮಂಡಳಿ ಈ ಚಿತ್ರವನ್ನು ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಇಟ್ಟಿದೆ. ಇಂಗ್ಲಿಷ್ ಬರಬೇಕಿಲ್ಲ, ಅಜ್ಜಿ, ಮೊಮ್ಮಗು ಇಬ್ಬರೂ ಒಟ್ಟಿಗೆ ನೋಡಬಹುದು. ಮೊದಲು ಬಣ್ಣದ್ದನ್ನು ನೋಡಿ, ಆಮೇಲೆ ಕಪ್ಪು-ಬಿಳುಪಿನದನ್ನು. ತಿರುವುಮುರುವು ಮಾಡಿದರೆ ಸೇತುವೆಯ ಮೇಲೆ ಎದೆ ನಡುಗುವ ಸುಖ ತಪ್ಪುತ್ತದೆ. ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದವರಿದ್ದರೆ ಅವರನ್ನು ಪಕ್ಕಕ್ಕೆ ಕೂರಿಸಿಕೊಳ್ಳುವುದನ್ನು ಮರೆಯಬೇಡಿ.